ಗುಜರಿ ಗಾಡಿ ಮೇಲೊಂದು ಮನೆ

ಬಿ.ಕಾಂ. ಓದುವಾಗ ನಮಗೆ ಸವಕಳಿ ಲೆಕ್ಕ ಕಲಿಸಿದ್ರು. ಗಾಡಿ ಕೊಂಡ ಬೆಲೆಯಲ್ಲಿ ವರ್ಷ ವರ್ಷ ಇಷ್ಟಿಷ್ಟು ಕಳೀತಾ ಹೋಗೋದು, ಕೊನೆಗೆ ಉಳಿಯೋದು ಗುಜರಿ ಬೆಲೆ. ಲೆಕ್ಕದ ಪುಸ್ತಕದಲ್ಲಿ ಗಾಡಿಯ ಕಥೆ ಅಲ್ಲಿಗೆ ಮುಗೀತು. ಇವತ್ತಿನ ಸಂಚಿಕೆ ಅಲ್ಲಿಂದಲೇ ಶುರುವಾಗುತ್ತೆ.

ಸ್ಥಳ ಅಮೆರಿಕ, ಕಾಲ 1920ರ ದಶಕದ ಕೊನೆ. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಸುಮಾರು 1.5 ಕೋಟಿ ಮಾಡೆಲ್ ಟಿ ಕಾರು ತಯಾರಿಸಿತ್ತು. ಆ ದಶಕದ ಮಧ್ಯದಲ್ಲಿ ಹೊಸ ಕಾರೇ 300 ಡಾಲರ್ ಒಳಗೆ ಸಿಗ್ತಿತ್ತು. ಹಾಗಿದ್ದ ಮೇಲೆ ಹಳೇದಕ್ಕೆ ಬೆಲೆ ಎಲ್ಲಿ? ಆದ್ರೆ ಎಂಜಿನ್ ಕೆಟ್ಟ ಮಾತ್ರಕ್ಕೆ ಚಾಸಿ, ಅಚ್ಚು, ಚಕ್ರ ಕೆಡೋದಿಲ್ಲವಲ್ಲ. ಎಂಜಿನ್ ಇಳಿಸಿ, ಬಾಡಿ ಬಿಚ್ಚಿ ಹಾಕಿದ್ರೆ, ಇನ್ನೊಂದು ಕಾರಿನ ಹಿಂದೆ ಎಳೆಯೋ ಟ್ರೇಲರ್‌ಗೆ ಬುನಾದಿ ಸಿದ್ಧ. ಮುಂದಿನ ಅಚ್ಚು ಬಳಸೋದಾದ್ರೆ, ಚಕ್ರ ಅತ್ತಿತ್ತ ತಿರುಗದ ಹಾಗೆ ಬಿಗಿ ಮಾಡಬೇಕಿತ್ತು.

ಹೀಗೆ ಕಟ್ಟಿದವರಲ್ಲಿ ಒಬ್ಬ ಲಾಸ್ ಏಂಜಲೀಸ್‌ನ ವಾಲಿ ಬೈಯಮ್. ಪತ್ರಿಕೆ ನಡೆಸ್ತಿದ್ದ ಮನುಷ್ಯ. ಅಡುಗೆಮನೆ ಇಲ್ಲದೆ ನಾನು ಕ್ಯಾಂಪಿಂಗ್‌ಗೆ ಬರೋದಿಲ್ಲ ಅಂತ ಹೆಂಡತಿ ಹೇಳಿಬಿಟ್ಟಳಂತೆ. ಬೈಯಮ್ ಮಾಡೆಲ್ ಟಿ ಚಾಸಿ ಮೇಲೆ ಹಲಗೆ ಹಾಸಿ, ಡೇರೆ ಹೊಡೆದ. ಮಳೆ ಬಂದ್ರೆ ಪಾಡು ಹೇಳತೀರದು. ಆಮೇಲೆ ಡೇರೆ ಕಿತ್ತು ಹಾಕಿ, ಕಣ್ಣೀರ ಹನಿ ಆಕಾರದ ಗೂಡು ಕಟ್ಟಿದ. ಒಳಗೆ ಒಂದು ಐಸ್ ಪೆಟ್ಟಿಗೆ, ಒಂದು ಸೀಮೆಎಣ್ಣೆ ಸ್ಟೌ. ನೂರು ಡಾಲರ್ ಒಳಗೆ ಇದನ್ನ ಹೇಗೆ ಕಟ್ಟೋದು ಅಂತ ಲೇಖನ ಬರೆದ. ಜನ ಮುಗಿಬಿದ್ದು ನಕ್ಷೆ ತರಿಸಿಕೊಂಡ್ರು.

ಲೆಕ್ಕ ಓದಿದವಳಾಗಿ ನನಗೆ ಇಲ್ಲೊಂದು ತಕರಾರಿದೆ. ಆ ನೂರು ಡಾಲರ್‌ನಲ್ಲಿ ಕಟ್ಟೋನ ಕೂಲಿ ಸೇರಿಲ್ಲ. ನೌಕರಿ ಇದ್ದವನಿಗೆ ಅದು ಭಾನುವಾರದ ಹವ್ಯಾಸ, ಸರಿ. ನೌಕರಿ ಇಲ್ಲದವನಿಗೆ?

1929ರಲ್ಲಿ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯೋ ನಾಲ್ವರಲ್ಲಿ ಹೆಚ್ಚು ಕಡಿಮೆ ಒಬ್ಬರಿಗೆ ಕೆಲಸ ಇರಲಿಲ್ಲ. ಒಕ್ಲಹೋಮ ಕಡೆ ಬರ, ಧೂಳಿನ ಬಿರುಗಾಳಿ. ಹೊಲ ಕಳಕೊಂಡ ರೈತರು ಹಳೇ ಕಾರುಗಳಿಗೆ ಕೈಯಲ್ಲಿ ಕಟ್ಟಿದ ಟ್ರೇಲರ್ ಸಿಗಿಸಿ, ಹಾಸಿಗೆ, ಪಾತ್ರೆ, ಮಕ್ಕಳನ್ನ ಹೇರಿಕೊಂಡು ಕ್ಯಾಲಿಫೋರ್ನಿಯಾ ಕಡೆ ಹೊರಟ್ರು. ಅದೇ ಗುಜರಿ ಅಚ್ಚು, ಅದೇ ಹಲಗೆ, ಅದೇ ಸೀಮೆಎಣ್ಣೆ ಸ್ಟೌ. ಬೈಯಮ್‌ಗೆ ರಜೆಯ ಗಾಡಿ ಆಗಿದ್ದು ಇವರಿಗೆ ಮನೆ.

ಈಗ 1936ಕ್ಕೆ ಬನ್ನಿ. ಆ ವರ್ಷ ಬೈಯಮ್‌ನ ಕಂಪನಿ ಏರ್‌ಸ್ಟ್ರೀಮ್, ಕ್ಲಿಪ್ಪರ್ ಅನ್ನೋ ಟ್ರೇಲರ್ ಬಿಟ್ಟಿತು. ಬೆಳ್ಳಿ ಹಾಗೆ ಹೊಳೆಯೋ ಅಲ್ಯುಮಿನಿಯಂ ಮೈ, ನಾಲ್ಕು ಜನ ಮಲಗಬಹುದು, ಬೆಲೆ 1,200 ಡಾಲರ್. ನೂರು ಡಾಲರ್ ನಕ್ಷೆಯಿಂದ ಇಲ್ಲಿವರೆಗೆ ಬಂದಿದ್ದ.

ಅದೇ 1936ರ ಫೆಬ್ರವರಿ. ಅದೇ ಲಾಸ್ ಏಂಜಲೀಸ್. ನಗರದ ಪೊಲೀಸ್ ಮುಖ್ಯಸ್ಥ ಜೇಮ್ಸ್ ಡೇವಿಸ್ 136 ಪೊಲೀಸರನ್ನ ನೂರಾರು ಮೈಲಿ ದೂರದ ರಾಜ್ಯದ ಗಡಿಗೆ ಕಳಿಸಿದ. ಕಣ್ಣಿಗೆ ಕಾಣೋ ಜೀವನೋಪಾಯ ಇಲ್ಲದವರನ್ನ ತಡೆದು ವಾಪಸ್ ಕಳಿಸೋದು ಅವರ ಕೆಲಸ. ಕೆಲವು ವಾರ ಇದು ನಡೀತು.

ಆ ರಸ್ತೆ ಮೇಲೆ ನಿಂತ ಪೊಲೀಸ್ ಏನು ನೋಡ್ತಿದ್ದ ಅಂತ ಯೋಚಿಸಿ. ಟ್ರೇಲರ್ ಎಷ್ಟು ಗಟ್ಟಿ ಅಂತಲ್ಲ, ಅದನ್ನ ಎಳೆದು ತಂದವನ ಜೇಬನ್ನ. ಕಾಸಿದ್ದವನು ಪ್ರವಾಸಿ, ಇಲ್ಲದವನು ಅಲೆಮಾರಿ. ಸವಕಳಿ ಲೆಕ್ಕವನ್ನ ಗಾಡಿಗೆ ಹಾಕೋದು ಸರಿ. ಅಲ್ಲಿ ಅದನ್ನ ಮನುಷ್ಯರಿಗೂ ಹಾಕಿದ್ರು.

ಈ ಲೆಕ್ಕ ತಿದ್ದೋಕೆ ಐದು ವರ್ಷ ಬೇಕಾಯ್ತು. ಬಡವರನ್ನ ಹೊರಗಿನಿಂದ ರಾಜ್ಯಕ್ಕೆ ಕರೆತರೋದೇ ಅಪರಾಧ ಅನ್ನೋ ಕಾಯ್ದೆಯೂ ಕ್ಯಾಲಿಫೋರ್ನಿಯಾದಲ್ಲಿತ್ತು. ಕೆಲಸವಿಲ್ಲದ ಭಾವಮೈದುನನನ್ನ ಟೆಕ್ಸಾಸ್‌ನಿಂದ ತನ್ನ ಕಾರಲ್ಲಿ ಕರಕೊಂಡು ಬಂದ ತಪ್ಪಿಗೆ ಒಬ್ಬನಿಗೆ ಶಿಕ್ಷೆ ಆಗಿತ್ತು. 1941ರ ನವೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೂ ಕಾಯ್ದೆಯನ್ನೂ ರದ್ದು ಮಾಡಿತು. ಒಬ್ಬ ನ್ಯಾಯಮೂರ್ತಿಯೂ ವಿರೋಧಿಸಲಿಲ್ಲ.

ಯುದ್ಧ ಮುಗಿದ ಮೇಲೆ ಮನೆಯಲ್ಲೇ ಟ್ರೇಲರ್ ಕಟ್ಟೋದು ಮತ್ತೆ ಹವ್ಯಾಸವಾಯ್ತು. ಹನಿ ಆಕಾರದ ಪುಟ್ಟ ಟ್ರೇಲರ್‌ಗಳ ಸಾಮಾನ್ಯ ಅಳತೆ ನಾಲ್ಕಡಿ ಅಗಲ, ಎಂಟಡಿ ಉದ್ದ. ಅಂದ್ರೆ ಸರಿಯಾಗಿ ಒಂದು ಪ್ಲೈವುಡ್ ಹಾಳೆ. ಕತ್ತರಿಸೋದೇ ಬೇಡ, ಹಾಳೆ ಹಾಸಿದ್ರೆ ನೆಲ ಆಯ್ತು. ಮಿಲಿಟರಿ ಜೀಪಿನ ಹಳೇ ಚಕ್ರ ಹಾಕಿದವರೂ ಇದ್ರು.

ಇವತ್ತು ಹಳೇ ಅಚ್ಚಿನ ಮೇಲೆ ಟ್ರೇಲರ್ ಕಟ್ಟೋ ವಿಡಿಯೋ ನೋಡಿದಾಗ ನನಗೂ ಆಸೆ ಆಗುತ್ತೆ. ಕಡಿಮೆ ಖರ್ಚು, ಸ್ವಂತ ಕೈಕೆಲಸ, ಎಲ್ಲಿ ಬೇಕೋ ಅಲ್ಲಿ ನಿದ್ದೆ. ಜೊತೆಗೆ ಆ ಗಡಿಯೂ ನೆನಪಾಗುತ್ತೆ. ಗುಜರಿಯಿಂದ ಮನೆ ಕಟ್ಟೋ ಕೈಚಳಕ ಅವರಿಗೂ ಇತ್ತು. ಅದನ್ನ ಸಾಹಸ ಅಂತ ಯಾರೂ ಕರೀಲಿಲ್ಲ, ಅಷ್ಟೇ ವ್ಯತ್ಯಾಸ.

ಮುಂದಿನ ವಾರ ಸಿಗೋಣ.