ಕಾಫಿ ಸೀಮೆಯ ದಾಖಲೆಗಳು ಮತ್ತು ಸರ್ವರ್ ಕಾವಲಿನ ಚರಿತ್ರೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಸಾಲಿನ ಕಾಫಿ ಬೆಳೆಗಾರರ ಬದುಕು ಬಹುಕಾಲದಿಂದ ದೂರದ ಕಚೇರಿಗಳ ಲೆಕ್ಕಪತ್ರಗಳಿಗೆ ಕಟ್ಟುಬಿದ್ದಿದೆ. 1942ರ ಕಾಫಿ ಕಾಯ್ದೆಯ ತರುವಾಯ ಸುಮಾರು ಅರ್ಧ ಶತಮಾನ, ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ‘ಪೂಲ್’ಗೆ, ಎಂದರೆ ಸಾಮೂಹಿಕ ಸಂಗ್ರಹಕ್ಕೆ, ಒಪ್ಪಿಸಿ, ಮಂಡಳಿ ಕಂತುಕಂತಾಗಿ ಪಾವತಿಸುವ ಹಣಕ್ಕಾಗಿ ಕಾಯುವುದೇ ಇಲ್ಲಿನ ಕ್ರಮವಾಗಿತ್ತು. 1990ರ ದಶಕದ ಆರಂಭದಿಂದ ಸಡಿಲಗೊಳ್ಳುತ್ತ ಬಂದ ಆ ವ್ಯವಸ್ಥೆ 1996ರ ಹೊತ್ತಿಗೆ ಪೂರ್ತಿಯಾಗಿ ಕೊನೆಗೊಂಡಾಗ, ಅರೇಬಿಕಾಕ್ಕೆ ನ್ಯೂಯಾರ್ಕಿನ ಧಾರಣೆ, ರೊಬಸ್ಟಾಕ್ಕೆ ಲಂಡನ್ನಿನ ಧಾರಣೆ ದಿನದಿನವೂ ತೋಟದ ಮನೆಯ ಮಾತಾದವು. ಅದೇ ವರ್ಷ ಚಿಕ್ಕಮಗಳೂರಿನ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಮಳಿಗೆಯನ್ನು ಇಂಟರ್‌ನೆಟ್ ಕೆಫೆಯಾಗಿ ತೆರೆದರು. ಮಲೆನಾಡಿನ ಕಾಫಿಯೂ ಅಂತರಜಾಲವೂ ಒಂದೇ ಮೇಜಿಗೆ ಬಂದದ್ದು ಹೀಗೆ. ಅಂತರಜಾಲದ ಸೇವೆಯೊಂದನ್ನು ಬೇಕೆಂದೇ ನಿಲ್ಲಿಸಬಹುದೆಂಬುದನ್ನು ಜಗತ್ತು ಸ್ಪಷ್ಟವಾಗಿ ಕಂಡದ್ದೂ ಅದೇ 1996ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಸಂಪರ್ಕ ಸಂಸ್ಥೆಯ ಮೇಲೆ ನಡೆದ ದಾಳಿಯಲ್ಲಿ.

ಈ ಬಗೆಯ ಕೃತ್ಯಕ್ಕೆ ಸೇವಾ ನಿರಾಕರಣೆ ದಾಳಿ ಎಂದು ಹೆಸರು. ಇದರಲ್ಲಿ ಕಳ್ಳತನವಿರಬೇಕಾಗಿಲ್ಲ, ಕಡತ ಅಳಿಸಬೇಕಾಗಿಲ್ಲ. ಸುಳ್ಳು ಕೋರಿಕೆಗಳನ್ನು ಸುರಿದು ನಿಜವಾದ ಗ್ರಾಹಕನಿಗೆ ಉತ್ತರ ಸಿಗದಂತೆ ಮಾಡಿದರೆ ದಾಳಿಕೋರನ ಕೆಲಸ ಮುಗಿಯಿತು. ಕಂಪ್ಯೂಟರೊಂದು ಸರ್ವರಿನೊಡನೆ ಮಾತಿಗಿಳಿಯುವಾಗ ಮೊದಲು ‘ಸಿನ್’ ಎಂಬ ಕರೆ ಕಳುಹಿಸುತ್ತದೆ, ಸರ್ವರ್ ಅದಕ್ಕೆ ಉತ್ತರಿಸಿ, ಮೂರನೆಯ ಸಂದೇಶ ಬರುವವರೆಗೆ ತನ್ನ ಸ್ಮೃತಿಯಲ್ಲಿ ಒಂದಿಷ್ಟು ಜಾಗ ಕಾದಿರಿಸುತ್ತದೆ. ಪ್ಯಾನಿಕ್ಸ್ ಮೇಲಿನ ದಾಳಿಯಲ್ಲಿ ಸುಳ್ಳು ವಿಳಾಸಗಳಿಂದ ಇಂಥ ಕರೆಗಳು ಎಡೆಬಿಡದೆ ಬಂದು, ಮೂರನೆಯ ಸಂದೇಶ ಎಂದೂ ಬಾರದೆ, ಕಾದಿರಿಸಿದ ಜಾಗವೆಲ್ಲ ತುಂಬಿಹೋಯಿತು. ಆ ತಿಂಗಳಲ್ಲೇ ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೀನ್ ಮತ್ತು ಎರಿಕ್ ಶೆಂಕ್ ಸೂಚಿಸಿದ ‘ಸಿನ್ ಕುಕಿ’ ಎಂಬ ಉಪಾಯದಲ್ಲಿ ಸರ್ವರ್ ಮೊದಲೇ ಜಾಗ ಕಾದಿರಿಸುವುದಿಲ್ಲ. ಬಂದ ಕರೆಯ ವಿವರವನ್ನು ಒಂದು ಸಂಖ್ಯೆಯಾಗಿಸಿ ಉತ್ತರದಲ್ಲೇ ಕಳುಹಿಸಿ, ಆ ಸಂಖ್ಯೆ ಸರಿಯಾಗಿ ಮರಳಿ ಬಂದರಷ್ಟೇ ಸಂಪರ್ಕವನ್ನು ಒಪ್ಪಿಕೊಳ್ಳುತ್ತದೆ. ಸುಮಾರು ಮೂರು ದಶಕ ಕಳೆದರೂ ಈ ಉಪಾಯ ಬಳಕೆಯಲ್ಲಿದೆ.

2000ದ ಫೆಬ್ರುವರಿಯಲ್ಲಿ ಕೆನಡಾದ ಹದಿನೈದು ವರ್ಷದ ಹುಡುಗನೊಬ್ಬ ಯಾಹೂ, ಇಬೇ, ಅಮೆಜಾನ್, ಸಿಎನ್ಎನ್ ತಾಣಗಳನ್ನು ಗಂಟೆಗಟ್ಟಲೆ ಅಲುಗಾಡಿಸಿದಾಗ, ಹಲವೆಡೆಯ ವಶಪಡಿಸಿಕೊಂಡ ಯಂತ್ರಗಳಿಂದ ಏಕಕಾಲಕ್ಕೆ ನಡೆಯುವ ‘ಹಂಚಿದ’ ದಾಳಿ, ಎಂದರೆ ಡಿಡಿಒಎಸ್, ಎಲ್ಲರ ಗಮನಕ್ಕೆ ಬಂತು. ಆ ಕಾಲದ ಹೋಸ್ಟಿಂಗ್ ಸಂಸ್ಥೆಗಳ ಬಳಿ, ಎಂದರೆ ಗ್ರಾಹಕರ ಜಾಲತಾಣಗಳನ್ನು ತಮ್ಮ ಸರ್ವರುಗಳಲ್ಲಿ ಇರಿಸಿ ನಡೆಸುವವರ ಬಳಿ, ಇದ್ದ ಮುಖ್ಯ ಅಸ್ತ್ರ ‘ಬ್ಲ್ಯಾಕ್‌ಹೋಲ್’. ದಾಳಿಗೊಳಗಾದ ವಿಳಾಸಕ್ಕೆ ಬರುವ ಎಲ್ಲ ಸಂಚಾರವನ್ನೂ, ಒಳ್ಳೆಯದು ಕೆಟ್ಟದ್ದೆನ್ನದೆ, ದಾರಿಯಲ್ಲೇ ಬಿಸುಡುವ ಕ್ರಮವಿದು. ಇದರಿಂದ ಹೋಸ್ಟಿಂಗ್ ಸಂಸ್ಥೆಯ ಜಾಲ ಉಳಿಯುತ್ತದೆ, ಪಕ್ಕದ ಗ್ರಾಹಕರೂ ಉಳಿಯುತ್ತಾರೆ, ಆದರೆ ದಾಳಿಗೆ ಗುರಿಯಾದವನು ಮಾತ್ರ ಸಂಪೂರ್ಣವಾಗಿ ಅದೃಶ್ಯನಾಗುತ್ತಾನೆ. ದಾಳಿಕೋರ ಬಯಸಿದ್ದನ್ನು ಕಾವಲುಗಾರನೇ ಪೂರೈಸಿದಂತಾಯಿತು. ಒಂದೇ ಐಪಿ ವಿಳಾಸದಡಿ ನೂರಾರು ತಾಣಗಳನ್ನಿರಿಸುವ ಅಗ್ಗದ ಹೋಸ್ಟಿಂಗಿನಲ್ಲಿ ಅನ್ಯಾಯ ಇನ್ನೂ ದೊಡ್ಡದು: ಅಪರಿಚಿತ ತಾಣವೊಂದರ ಮೇಲಿನ ದಾಳಿಗೆ, ಅದೇ ವಿಳಾಸದಲ್ಲಿರುವ ಹೋಂಸ್ಟೇ ಒಂದರ ಬುಕಿಂಗ್ ಪುಟವೂ ಕಣ್ಮರೆಯಾಗಬಹುದು. ಸುಳ್ಳು ವಿಳಾಸದ ಸಂಚಾರವನ್ನು ಅದು ಹುಟ್ಟುವ ಜಾಲದಲ್ಲಿಯೇ ತಡೆಯಬೇಕೆಂಬ ಶಿಫಾರಸು 1998ರಲ್ಲಿ ಪ್ರಕಟವಾಗಿ 2000ದಲ್ಲಿ ಪರಿಷ್ಕೃತಗೊಂಡಿತಾದರೂ, ಅದನ್ನು ಪಾಲಿಸುವವನಿಗೆ ಖರ್ಚು, ಲಾಭ ಮಾತ್ರ ಬೇರೆಯವರಿಗೆ ಎಂಬ ಕಾರಣದಿಂದ ಎಲ್ಲೆಡೆ ಜಾರಿಗೆ ಬರಲಿಲ್ಲ.

ಒಳ್ಳೆಯ ಸಂಚಾರವನ್ನು ಕೆಟ್ಟದ್ದರಿಂದ ಬೇರ್ಪಡಿಸುವ ವಿದ್ಯೆ ಆಮೇಲೆ ಬೆಳೆಯಿತು. 2003ರಲ್ಲಿ ಬ್ಯಾರೆಟ್ ಲಯನ್ ಆರಂಭಿಸಿದ ಪ್ರೊಲೆಕ್ಸಿಕ್, ಸುಲಿಗೆಗೆ ಸಿಕ್ಕಿದ್ದ ಆನ್‌ಲೈನ್ ಜೂಜಿನ ತಾಣಗಳನ್ನು ಕಾಯುತ್ತ ಬೆಳೆದ ಸಂಸ್ಥೆ. ಅದು ಗ್ರಾಹಕನ ಸಂಚಾರವನ್ನೆಲ್ಲ ತನ್ನ ‘ಸ್ಕ್ರಬಿಂಗ್’ ಕೇಂದ್ರಗಳಿಗೆ ತಿರುಗಿಸಿಕೊಂಡು, ದಾಳಿಯ ಪಾಲನ್ನು ತೆಗೆದು, ಉಳಿದದ್ದನ್ನು ಗ್ರಾಹಕನಿಗೆ ತಲುಪಿಸುತ್ತಿತ್ತು. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಾಫಿ ಬೀಜವನ್ನು ಜರಡಿಯಾಡಿ ಕಪ್ಪು ಬೀಜ, ಒಡಕು ಬೀಜಗಳನ್ನು ಆರಿಸಿ ತೆಗೆಯುವ ಕೆಲಸಕ್ಕೆ ಇದನ್ನು ಹೋಲಿಸಬಹುದು. 2013ರ ಮಾರ್ಚಿನಲ್ಲಿ, ಅನಪೇಕ್ಷಿತ ಇಮೇಲ್ ತಡೆಯಲು ನೆರವಾಗುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಮೇಲೆ ಸೆಕೆಂಡಿಗೆ ಸುಮಾರು 300 ಗಿಗಾಬಿಟ್ ಸಂಚಾರ ಹರಿದಾಗ, ರಕ್ಷಣಾ ಸೇವೆ ನೀಡುವ ಕ್ಲೌಡ್‌ಫ್ಲೇರ್ ಒಂದೇ ವಿಳಾಸವನ್ನು ಜಗತ್ತಿನ ಹಲವು ಕೇಂದ್ರಗಳಿಂದ ಏಕಕಾಲಕ್ಕೆ ಸಾರುವ ‘ಎನಿಕಾಸ್ಟ್’ ವಿಧಾನದಿಂದ ಆ ಹೊರೆಯನ್ನು ಹಂಚಿಕೊಂಡಿತು. ಅದೇ ವರ್ಷ ಫ್ರಾನ್ಸಿನ ಓವಿಎಚ್ ರಕ್ಷಣೆಯನ್ನು ತನ್ನ ಹೋಸ್ಟಿಂಗ್ ಸೇವೆಯ ಭಾಗವಾಗಿಸತೊಡಗಿತು.

2016ರಲ್ಲಿ ಕ್ಯಾಮರಾ, ರೂಟರುಗಳನ್ನು ಅವುಗಳ ಬದಲಾಯಿಸದ ಪಾಸ್‌ವರ್ಡ್‌ಗಳ ಮೂಲಕ ವಶಪಡಿಸಿಕೊಂಡ ‘ಮಿರಾಯ್’ ಎಂಬ ತಂತ್ರಾಂಶ ಓವಿಎಚ್ ಮೇಲೆ ಸೆಕೆಂಡಿಗೆ ಸುಮಾರು ಒಂದು ಟೆರಾಬಿಟ್‌ನಷ್ಟು ಸಂಚಾರ ಹರಿಸಿತು. 2017ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ ಅದರ ಮೂವರು ಕರ್ತೃಗಳಲ್ಲಿ ಇಬ್ಬರು ಡಿಡಿಒಎಸ್‌ನಿಂದ ರಕ್ಷಣೆ ಮಾರುವ ಸಂಸ್ಥೆಯೊಂದನ್ನು ನಡೆಸುತ್ತಿದ್ದವರು. ರಕ್ಷಣೆಯನ್ನು ಪ್ರತ್ಯೇಕ ಸರಕಾಗಿ ಮಾರುವ ವ್ಯಾಪಾರಕ್ಕೆ ಭಯವೇ ಬಂಡವಾಳವಾಗುವ ಅಪಾಯವಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಈ ಚರಿತ್ರೆ ಕಾಫಿ ಬೆಟ್ಟಗಳನ್ನು ಮುಟ್ಟಿದ್ದು ಭೂದಾಖಲೆಗಳ ಮೂಲಕ. ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ‘ಕಾವೇರಿ’ 2003ರಲ್ಲಿ ಉಪನೋಂದಣಾಧಿಕಾರಿ ಕಚೇರಿಗಳಿಗೆ ಬಂತು. 2023ರಲ್ಲಿ ಅದರ ಜಾಗಕ್ಕೆ ‘ಕಾವೇರಿ 2.0’ ಬಂದು, ಮನೆಯಲ್ಲೇ ಕುಳಿತು ಅರ್ಜಿ ಸಲ್ಲಿಸುವುದು ಇನ್ನಷ್ಟು ಸುಲಭವಾಯಿತು. ಕಾಫಿ ಸೀಮೆಯಲ್ಲಿ ಇದರ ಬೆಲೆ ದೊಡ್ಡದು. ತೋಟದ ಮೇಲೆ ಸಾಲ ಎತ್ತುವುದಿರಲಿ, ಅಣ್ಣತಮ್ಮಂದಿರ ವಿಭಾಗಪತ್ರವಿರಲಿ, ಕ್ರಯಪತ್ರವಿರಲಿ, ಮೊದಲು ಬೇಕಾಗುವುದು ಇ.ಸಿ. ಎಂದೇ ಎಲ್ಲರೂ ಕರೆಯುವ ಋಣಭಾರ ಪ್ರಮಾಣಪತ್ರ. ಆಸ್ತಿಯ ಮೇಲೆ ಕೇಳಿದ ಅವಧಿಯಲ್ಲಿ, ಸಾಮಾನ್ಯವಾಗಿ 13 ಅಥವಾ 30 ವರ್ಷಗಳಲ್ಲಿ, ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಪಟ್ಟಿ ಇದು. ಮೂಡಿಗೆರೆಯ ಹೋಬಳಿಯಾಗಿದ್ದು ಈಚೆಗಷ್ಟೇ ತಾಲ್ಲೂಕಾದ ಕಳಸದಂಥ ಕಡೆಯಿಂದ ಘಾಟಿ ದಾರಿಯಲ್ಲಿ ಕಚೇರಿಗೆ ಹೋಗಿ ಬರುವುದಕ್ಕೆ ಒಂದು ದಿನದ ಕೂಲಿಯೋ ತೋಟದ ಕೆಲಸವೋ ಹೋಗುವಲ್ಲಿ, ಆನ್‌ಲೈನ್ ಇ.ಸಿ. ನಿಜವಾದ ಉಪಕಾರವೇ ಆಗಿತ್ತು.

2025ರ ಜನವರಿಯಲ್ಲಿ, ಅರೇಬಿಕಾ ಕೊಯ್ಲು ಮುಗಿಯುತ್ತ ರೊಬಸ್ಟಾ ಕೊಯ್ಲು ಆರಂಭವಾಗುವ, ಹಣದ ಓಡಾಟ ಹೆಚ್ಚಿರುವ ದಿನಗಳಲ್ಲಿ, ಕಾವೇರಿ 2.0 ರಾಜ್ಯದಾದ್ಯಂತ ಪದೇಪದೇ ನಿಂತುಹೋಯಿತು. ಅಧಿಕಾರಿಗಳು ನೀಡಿದ ವಿವರದಂತೆ, ಇ.ಸಿ. ಹುಡುಕಾಟದ ಕೋರಿಕೆಗಳು ಎಂದಿನ ಎಂಟರಷ್ಟಾಗಿದ್ದವು. 62 ಇಮೇಲ್ ಖಾತೆಗಳನ್ನು ಬಳಸಿ, 14 ಐಪಿ ವಿಳಾಸಗಳಿಂದ, ಒಂದು ಹಂತದಲ್ಲಿ ಎರಡು ಗಂಟೆಗಳಲ್ಲಿ 6.2 ಲಕ್ಷ ದುರುದ್ದೇಶದ ಕೋರಿಕೆಗಳು ಬಂದವು. ಫೆಬ್ರುವರಿಯಲ್ಲಿ ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. ಅರ್ಹ ವ್ಯಕ್ತಿಗೆ ಕಂಪ್ಯೂಟರ್ ಸೇವೆ ಸಿಗದಂತೆ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಡಿ ತಪ್ಪು. ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು.

ಈ ಅಂಕಿಗಳನ್ನು ನಿಧಾನವಾಗಿ ಪರಿಶೀಲಿಸಬೇಕು. ಎರಡು ಗಂಟೆಗೆ 6.2 ಲಕ್ಷವೆಂದರೆ ಸೆಕೆಂಡಿಗೆ ಸುಮಾರು 86 ಕೋರಿಕೆ. 2023ರಲ್ಲಿ ಗೂಗಲ್ ತಡೆದ ದಾಳಿಯೊಂದರಲ್ಲಿ ಸೆಕೆಂಡಿಗೆ 39.8 ಕೋಟಿ ಕೋರಿಕೆಗಳಿದ್ದವು. ಹಾಗಾದರೆ ಕಾವೇರಿಯನ್ನು ನಿಲ್ಲಿಸಿದ್ದು ಜಾಲವನ್ನು ಮುಳುಗಿಸುವ ಪ್ರವಾಹವಲ್ಲ, ಪ್ರತಿಯೊಂದು ಇ.ಸಿ. ಹುಡುಕಾಟಕ್ಕೂ ದತ್ತಸಂಚಯದಲ್ಲಿ ಹಲವು ವರ್ಷಗಳ ದಾಖಲೆ ಜಾಲಾಡಬೇಕಾಗುವುದರಿಂದ, ಅಲ್ಪಸಂಖ್ಯೆಯ ಕೋರಿಕೆಗಳೇ ಅದನ್ನು ಬಳಲಿಸಿದವೆಂದು ತಿಳಿಯುವುದು ಯುಕ್ತ. ಇದನ್ನು ಅನ್ವಯ ಪದರದ ದಾಳಿ ಎನ್ನುತ್ತಾರೆ. ಇಲ್ಲಿ ಪ್ರತಿ ಕೋರಿಕೆಯೂ ನ್ಯಾಯವಾದದ್ದರಂತೆಯೇ ಕಾಣುವುದರಿಂದ ದೊಡ್ಡ ಸ್ಕ್ರಬಿಂಗ್ ಕೇಂದ್ರವಾಗಲಿ ಅಗಲವಾದ ಸಂಪರ್ಕವಾಗಲಿ ಹೆಚ್ಚು ನೆರವಾಗದು. ಬೇಕಾಗುವುದು ಒಂದು ಖಾತೆಗೆ, ಒಂದು ವಿಳಾಸಕ್ಕೆ ಗಂಟೆಗೆ ಇಷ್ಟೇ ಹುಡುಕಾಟ ಎಂಬ ಮಿತಿ. ಖಾತೆ ತೆರೆಯುವವನು ಮನುಷ್ಯನೇ ಎಂಬ ತಪಾಸಣೆ. ಭಾರವಾದ ಹುಡುಕಾಟಗಳನ್ನು ಸರದಿಯಲ್ಲಿರಿಸಿ, ನೋಂದಣಿಯ ಕೆಲಸಕ್ಕೆ ಬೇರೆಯೇ ಸಾಮರ್ಥ್ಯ ಕಾಯ್ದಿಡುವ ರಚನೆ. ಇವು ದುಬಾರಿಯಲ್ಲ; ಯೋಜನೆಯ ಮೊದಲ ದಿನವೇ ಕೇಳಬೇಕಾದ ಅಂಶಗಳು.

ಜೂಜಿನ ತಾಣಗಳಿಗೆ 2003ರಲ್ಲೇ ತಕ್ಕ ಕಾವಲು ದೊರೆತಿದ್ದರೂ, ರೈತನ ಇ.ಸಿ.ಗೆ ಅದಕ್ಕೆ ಬೇಕಾದ ಕಾವಲು 2025ರವರೆಗೂ ಸಾಕಷ್ಟು ದೊರೆಯಲಿಲ್ಲವೆಂಬುದು ವಿಷಾದದ ಸಂಗತಿ. ಸೇವೆ ಆನ್‌ಲೈನಿಗೆ ಹೋದ ಮೇಲೆ ಹಳೆಯ ದಾರಿ ಮುಚ್ಚಿದರೆ, ದಾಳಿಯ ದಿನ ಬೆಳೆಗಾರನಿಗೆ ಬೇರೆ ಗತಿಯೇ ಉಳಿಯದು. ಆದ್ದರಿಂದ ಇಲಾಖೆ ಎರಡು ಕೆಲಸ ಮಾಡಬೇಕು: ಜನವರಿಯ ದಾಳಿಯಿಂದ ಕಲಿತದ್ದನ್ನೂ ಅನಂತರ ಮಾಡಿದ ತಿದ್ದುಪಾಟನ್ನೂ ಕನ್ನಡದಲ್ಲಿ ಪ್ರಕಟಿಸಬೇಕು, ಹಾಗೆಯೇ ಚಿಕ್ಕಮಗಳೂರು, ಮೂಡಿಗೆರೆಯಂಥ ಪ್ರತಿಯೊಂದು ಉಪನೋಂದಣಾಧಿಕಾರಿ ಕಚೇರಿಯಲ್ಲೂ, ಜಾಲ ನಿಂತ ದಿನ ಅಲ್ಲಿನ ದಾಖಲೆ ನೋಡಿ ಇ.ಸಿ. ಕೊಡುವ ವ್ಯವಸ್ಥೆಯನ್ನು ಉಳಿಸಬೇಕು.