ಕೇಳುವ ಕಿವಿ: ಮೈಸೂರು ಅರಮನೆಯೂ ಪಾಶ್ಚಾತ್ಯ ವಾದ್ಯವೃಂದವೂ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಕಟ್ಟಡದ ಚರಿತ್ರೆಯನ್ನೂ ಧರ್ಮಕೇಂದ್ರದ ಗುರುಗಳ ಸೇವೆಯನ್ನೂ ಬಲ್ಲವರು ಬರೆದಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಈ ನಗರದ ಸಂಗೀತ ಚರಿತ್ರೆಯ ಒಂದು ಪುಟ. ಮೈಸೂರೆಂದರೆ ವೀಣೆಯ ಊರು ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಇಲ್ಲಿಂದ ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿದ್ದ ಒಬ್ಬ ವೃದ್ಧ ಸ್ವರಕಾರನ ಕೃತಿಗಳು ಈ ನಗರದ ಒಬ್ಬ ಅರಸರಿಂದಾಗಿ ಉಳಿದುಕೊಂಡವು ಎಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ. ಆ ಕಥೆಯನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲಿಗೆ ಒಂದು ವಿಷಯವನ್ನು ತಿಳಿಯಬೇಕು. ನಮ್ಮ ನಾಡಿನ ವಾಗ್ಗೇಯಕಾರನು ಕೃತಿಯೊಂದನ್ನು ರಚಿಸಿದರೆ ತಂಬೂರಿಯ ಶ್ರುತಿಗೆ ತಾನೇ ಹಾಡಿ ಅದರ ಗುಣದೋಷವನ್ನು ಅರಿಯಬಲ್ಲನು. ಎದುರಿಗೆ ಶಿಷ್ಯನೊಬ್ಬನಿದ್ದರೆ ಸಾಕು, ಕೃತಿ ಇನ್ನೊಬ್ಬರಿಗೆ ಮುಟ್ಟಿತು. ಪಾಶ್ಚಾತ್ಯ ವಾದ್ಯವೃಂದಕ್ಕೆ ಬರೆಯುವವನ ಪಾಡು ಹಾಗಲ್ಲ. ಪಿಟೀಲು, ಕೊಳಲು, ಕಹಳೆ, ಭೇರಿ ಎಂದು ಅರವತ್ತು ಎಪ್ಪತ್ತು ಮಂದಿ ನುಡಿಸಬೇಕಾದ ಸ್ವರಗಳನ್ನು ಅವನು ಬೇರೆ ಬೇರೆ ಸಾಲುಗಳಲ್ಲಿ ಬರೆಯುತ್ತಾನೆ. ಒಂದೇ ಕ್ಷಣದಲ್ಲಿ ಹಲವು ಸ್ವರಗಳು ಕೂಡಿ ನುಡಿಯುತ್ತವೆ. ಅಷ್ಟು ಮಂದಿಯನ್ನು ಒಂದೆಡೆ ಸೇರಿಸಿ, ಅವರಿಗೆ ವೇತನ ಕೊಟ್ಟು, ಸಭಾಂಗಣವನ್ನು ಗೊತ್ತುಮಾಡುವ ತನಕ ತಾನು ಬರೆದದ್ದು ಹೇಗೆ ಕೇಳಿಸುತ್ತದೆ ಎಂಬುದನ್ನು ಅವನು ಕಲ್ಪಿಸಿಕೊಳ್ಳಬಲ್ಲನೇ ಹೊರತು ಕಿವಿಯಾರೆ ಕೇಳಲಾರನು. ಆದುದರಿಂದ ಅವನಿಗೆ ಇಬ್ಬರು ಅಗತ್ಯವಾಗಿ ಬೇಕು: ಸ್ವರಲಿಪಿಯನ್ನು ಓದಿ ನಿರ್ದಾಕ್ಷಿಣ್ಯವಾಗಿ ಅಭಿಪ್ರಾಯ ಹೇಳುವ ಸಹಕಲಾವಿದನೊಬ್ಬ, ಅದನ್ನು ನುಡಿಸಿ ಕೇಳಲು ಅನುವು ಮಾಡಿಕೊಡುವ ಆಶ್ರಯದಾತನೊಬ್ಬ.

ಇಬ್ಬರು ಸ್ನೇಹಿತರು

ನಿಕೋಲಾಯ್ ಮೆಟ್ನರ್ ಎಂಬ ರಷ್ಯನ್ ಸ್ವರಕಾರನಿಗೆ ಇವರಿಬ್ಬರೂ ದೊರೆತರು. ಆತ 1880ರಲ್ಲಿ ಮಾಸ್ಕೋದಲ್ಲಿ ಜನಿಸಿದವನು. ಪಿಯಾನೋ ವಾದನದಲ್ಲಿ ನಿಷ್ಣಾತ. ಕ್ರಾಂತಿಯ ತರುವಾಯ 1921ರಲ್ಲಿ ತಾಯ್ನಾಡನ್ನು ತೊರೆದು ಜರ್ಮನಿ, ಫ್ರಾನ್ಸ್‌ಗಳಲ್ಲಿ ಅಲೆದು, 1935ರಲ್ಲಿ ಲಂಡನ್ನಿನಲ್ಲಿ ನೆಲೆನಿಂತನು. ಅವನ ಆಪ್ತ ಸ್ನೇಹಿತ ಸೆರ್ಗೇಯ್ ರಖ್ಮಾನಿನೋವ್. ಅವನೂ ದೇಶಭ್ರಷ್ಟ, ಆದರೆ ಜಗದ್ವಿಖ್ಯಾತ.

1926ರಲ್ಲಿ ರಖ್ಮಾನಿನೋವ್ ಪಿಯಾನೋ ಮತ್ತು ವಾದ್ಯವೃಂದಕ್ಕಾಗಿ ತನ್ನ ನಾಲ್ಕನೆಯ ಕನ್ಚೆರ್ಟೋವನ್ನು ಬರೆದು ಮುಗಿಸಿದನು. ಅದರ ಪುಟಗಳ ಸಂಖ್ಯೆಯನ್ನು ಕಂಡು ಅವನೇ ಗಾಬರಿಗೊಂಡು, ಇದನ್ನು ಹಲವು ರಾತ್ರಿಗಳಲ್ಲಿ ಹಂಚಿ ನುಡಿಸಬೇಕಾದೀತೇನೋ ಎಂದು ಮೆಟ್ನರನಿಗೆ ಹಾಸ್ಯವಾಗಿ ಕಾಗದ ಬರೆದನು. ಮೆಟ್ನರನು ಮುಖಸ್ತುತಿ ಮಾಡಲಿಲ್ಲ, ಸುಮ್ಮನೆ ತಲೆಯಾಡಿಸಲೂ ಇಲ್ಲ. ನಿನ್ನ ಕೃತಿಯ ಮಹತ್ವಕ್ಕೆ ಹೋಲಿಸಿದರೆ ಅದರ ಪುಟಗಳು ಅಚ್ಚರಿಯೆನಿಸುವಷ್ಟು ಕಡಿಮೆ, ಉದ್ದವಾದ ಮಾತ್ರಕ್ಕೆ ಸಂಗೀತ ಬೇಸರ ತರಿಸುವುದಿಲ್ಲ, ಬೇಸರವಿದ್ದಲ್ಲಿಯೇ ಅದು ಉದ್ದವೆನಿಸುತ್ತದೆ ಎಂಬ ಭಾವದ ಉತ್ತರವನ್ನು ಕಳುಹಿಸಿದನು. 1927ರಲ್ಲಿ ಫಿಲಡೆಲ್ಫಿಯದಲ್ಲಿ ಆ ಕೃತಿಯ ಪ್ರಥಮ ಪ್ರದರ್ಶನವಾಯಿತು. ವಿಮರ್ಶಕರು ಮೆಚ್ಚಲಿಲ್ಲ. ರಖ್ಮಾನಿನೋವ್ ನೂರಕ್ಕೂ ಹೆಚ್ಚು ಆವರ್ತಗಳನ್ನು ಕತ್ತರಿಸಿ 1928ರಲ್ಲಿ ಪ್ರಕಟಿಸಿದನು. ಅದರಿಂದಲೂ ತೃಪ್ತನಾಗದೆ 1941ರಲ್ಲಿ ಪುನಃ ತಿದ್ದಿದನು. ಆ ಕೃತಿ ಮೆಟ್ನರನಿಗೇ ಅರ್ಪಿತವಾಗಿದೆ. ಮೆಟ್ನರನ ಎರಡನೆಯ ಕನ್ಚೆರ್ಟೋ ರಖ್ಮಾನಿನೋವನಿಗೆ ಅರ್ಪಿತವಾಗಿದೆ. ಸ್ನೇಹಿತನ ಮಾತನ್ನು ಪೂರ್ತಿಯಾಗಿ ಒಪ್ಪದೆಯೂ ಅವನಿಗೇ ಕೃತಿಯನ್ನು ಅರ್ಪಿಸುವ ಈ ಸಂಬಂಧ ನನಗೆ ಬಹು ಮೆಚ್ಚುಗೆಯಾಗಿದೆ. ಟೀಕೆಯಿಂದ ಮುರಿಯುವ ಸ್ನೇಹ ಸ್ನೇಹವಲ್ಲ.

ಮೈಸೂರಿನ ಹಿನ್ನೆಲೆ

ಇನ್ನು ಮೈಸೂರಿಗೆ ಬರೋಣ. ವೀಣೆ ಶೇಷಣ್ಣನವರು (1852–1926) ವೈಣಿಕ ಶಿಖಾಮಣಿಗಳೆಂದು ಖ್ಯಾತರಾದರೂ ಪಿಯಾನೋವನ್ನೂ ಪಿಟೀಲನ್ನೂ ನುಡಿಸಬಲ್ಲವರಾಗಿದ್ದರು. ಪರದೇಶದ ವಾದ್ಯವೆಂದು ದೂರವಿಡುವ ಸಂಕುಚಿತ ಭಾವ ಈ ಆಸ್ಥಾನದಲ್ಲಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯಗಳನ್ನು ನುಡಿಸುತ್ತಿದ್ದರು. ಅವರ ಆಳ್ವಿಕೆಯಲ್ಲಿ ಅರಮನೆಯ ಕರ್ನಾಟಕ ಬ್ಯಾಂಡಿನೊಂದಿಗೆ ಪಾಶ್ಚಾತ್ಯ ವಾದ್ಯವೃಂದವೂ ಬೆಳೆಯಿತು. ಅದನ್ನು ಓಟ್ಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರು ನಡೆಸುತ್ತಿದ್ದರು. ನಮ್ಮ ಕಾನ್ವೆಂಟುಗಳಲ್ಲಿ ಕನ್ಯಾಸ್ತ್ರೀಯರು ಮಕ್ಕಳಿಗೆ ಪಿಯಾನೋ ಕಲಿಸಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಿಗೆ ಕೂಡಿಸುತ್ತಿದ್ದುದನ್ನೂ ಇಲ್ಲಿ ನೆನೆಯಬೇಕು.

ಇಂತಹ ವಾತಾವರಣದಲ್ಲಿ 1919ರ ಜುಲೈ 18ರಂದು ಜನಿಸಿದವರು ಜಯಚಾಮರಾಜೇಂದ್ರ ಒಡೆಯರು. ಪಿಯಾನೋ ವಾದಕರಾಗಬೇಕೆಂಬುದು ಅವರ ಯೌವನದ ಹಂಬಲವಾಗಿತ್ತು. ಆದರೆ 1940ರ ಮಾರ್ಚಿಯಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರೂ ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡರು. ಇಪ್ಪತ್ತೊಂದು ವರ್ಷದ ತರುಣನ ಮೇಲೆ ರಾಜ್ಯಭಾರ ಬಿತ್ತು. ವೇದಿಕೆಯ ಮೇಲೆ ಕುಳಿತು ನುಡಿಸಬೇಕೆಂದಿದ್ದವರು ಅಂದಿನಿಂದ ಕೇಳುಗರಾದರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಸ್ಥಾನವೂ ಅವರಿಗೆ ಸಂದವು. ತರುವಾಯ ಅವರು ಕರ್ನಾಟಕ ಸಂಗೀತದತ್ತ ತಿರುಗಿ, ಮೈಸೂರು ವಾಸುದೇವಾಚಾರ್ಯರಿಂದ ಕೃತಿರಚನೆಯ ಮರ್ಮವನ್ನು ತಿಳಿದು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅರಸನೂ ಗುರುವಿನ ಮುಂದೆ ಶಿಷ್ಯನೇ ಎಂಬುದಕ್ಕೆ ಇದು ಸಾಕ್ಷಿ.

ಮೆಟ್ನರನ ಕಷ್ಟಕಾಲ

ಇತ್ತ ಲಂಡನ್ನಿನಲ್ಲಿ ಮೆಟ್ನರನ ದಿನಗಳು ಕಷ್ಟದಲ್ಲಿ ಸಾಗುತ್ತಿದ್ದವು. ಎರಡನೆಯ ಮಹಾಯುದ್ಧ ಆರಂಭವಾದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತುಹೋಯಿತು. ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಎಡ್ನಾ ಐಲ್ಸ್ ಎಂಬ ಪಿಯಾನೋ ವಾದಕಿಯ ಕುಟುಂಬದವರು ಅವನಿಗೂ ಅವನ ಪತ್ನಿಗೂ ವಾರಿಕ್‌ಷೈರಿನಲ್ಲಿ ಆಶ್ರಯವಿತ್ತರು. 1942ರಲ್ಲಿ ಹೃದಯಾಘಾತವಾಯಿತು. ಆ ಸಂಕಟದ ನಡುವೆಯೇ ತನ್ನ ಮೂರನೆಯ ಕನ್ಚೆರ್ಟೋವನ್ನು ಬರೆದು ಮುಗಿಸಿ, 1944ರ ಫೆಬ್ರವರಿಯಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ತಾನೇ ಪಿಯಾನೋ ನುಡಿಸಿದನು. ಆದರೆ ಕಾಲ ಬದಲಾಗಿತ್ತು. ಹೊಸ ಪಂಥದ ಸಂಗೀತದ ಅಬ್ಬರದಲ್ಲಿ ಅವನನ್ನು ಹಳಬನೆಂದು ಬದಿಗೆ ಸರಿಸಿದ್ದರು. ಆ ಪಂಥವನ್ನು ಖಂಡಿಸಿ ಅವನು ಬರೆದ ಗ್ರಂಥವೊಂದನ್ನು 1935ರಲ್ಲಿ ಪ್ಯಾರಿಸಿನಲ್ಲಿ ಅಚ್ಚು ಹಾಕಿಸಿದವನೂ ಸ್ನೇಹಿತ ರಖ್ಮಾನಿನೋವನೇ. ಆ ಸ್ನೇಹಿತನೂ 1943ರಲ್ಲಿ ಅಮೆರಿಕದಲ್ಲಿ ಕಣ್ಮುಚ್ಚಿದ್ದನು.

ಇಂತಹ ಸಮಯದಲ್ಲಿ ಮೈಸೂರಿನಿಂದ ನೆರವು ಒದಗಿತು. ಮೆಟ್ನರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಬೇಕೆಂದು ಜಯಚಾಮರಾಜೇಂದ್ರ ಒಡೆಯರು ಧನಸಹಾಯವಿತ್ತು, 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿದರು. 1947ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ಮೂರೂ ಕನ್ಚೆರ್ಟೋಗಳ ಮುದ್ರಣ ನಡೆಯಿತು. ಅಂದಿನ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುವಂಥದು. ಒಂದು ಬದಿಯಲ್ಲಿ ನಾಲ್ಕೈದು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಅರ್ಧಗಂಟೆಗೂ ಮಿಗಿಲಾದ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು. ಒಂದು ಸ್ವರ ತಪ್ಪಿದರೂ ಆ ಬದಿಯನ್ನು ಮೊದಲಿನಿಂದ ಆರಂಭಿಸಬೇಕು. ಹೃದ್ರೋಗಿಯಾದ ಅರವತ್ತೇಳರ ವೃದ್ಧನು ಅದನ್ನು ನಿರ್ವಹಿಸಿದನು. ಹಾಡುಗಳನ್ನೂ ಪಿಯಾನೋ ಕೃತಿಗಳನ್ನೂ ಮುದ್ರಿಸಿದನು. 1950ರಲ್ಲಿ ಪ್ರಸಿದ್ಧ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಅವನ ಹಾಡುಗಳನ್ನು ಹಾಡಿದಾಗ ಪಿಯಾನೋದ ಮುಂದೆ ಅವನೇ ಇದ್ದನು. ತನ್ನ ಮೂರನೆಯ ಕನ್ಚೆರ್ಟೋವನ್ನು ಮೆಟ್ನರನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆ. 1951ರ ನವೆಂಬರ್ 13ರಂದು ಅವನು ನಿಧನನಾದನು.

ಅರಸರ ಅಭಿರುಚಿ

ಮಹಾರಾಜರು ಹಣ ಕೊಟ್ಟು ಸುಮ್ಮನಾದವರಲ್ಲ. ಫಿಲ್ಹಾರ್ಮೋನಿಯ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ನಿಪುಣರನ್ನು ಅವರು ಮೈಸೂರಿಗೆ ಕರೆಸಿಕೊಂಡರು. ಬಂದ ಅತಿಥಿ ಅರಮನೆಯಲ್ಲಿ ಕಂಡದ್ದು ಅಪಾರವಾದ ತಟ್ಟೆಗಳ ಸಂಗ್ರಹ, ದೊಡ್ಡ ಧ್ವನಿವರ್ಧಕಗಳು, ಉತ್ತಮ ಪಿಯಾನೋಗಳು. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಕೃತಿಯನ್ನು ಯಾರು ಚೆನ್ನಾಗಿ ನುಡಿಸಿದ್ದಾರೆ, ಯಾವುದನ್ನು ಅನ್ಯಾಯವಾಗಿ ಮರೆಯಲಾಗಿದೆ ಎಂಬುದನ್ನು ಖಚಿತವಾಗಿ ಹೇಳಬಲ್ಲ ಮೂವತ್ತರ ಆಸುಪಾಸಿನ ತರುಣ ಅರಸ. ವರ್ಷಕ್ಕೆ ಹತ್ತು ಸಾವಿರ ಪೌಂಡುಗಳಂತೆ ಮೂರು ವರ್ಷ ನೆರವಾಗುವುದಾಗಿ ಒಡೆಯರು ಮಾತುಕೊಟ್ಟರು. 1948ರಲ್ಲಿ ಫಿಲ್ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ಬಾಲಾಕಿರೆವನ ಮೊದಲ ಸಿಂಫೋನಿ, ರೂಸೆಲನ ನಾಲ್ಕನೆಯ ಸಿಂಫೋನಿ ಮುಂತಾಗಿ ಮಾರಾಟದ ದೃಷ್ಟಿಯಿಂದ ಯಾವ ಕಂಪೆನಿಯೂ ಕೈಹಾಕದ ಕೃತಿಗಳು 1949ರಲ್ಲಿ ಹರ್ಬರ್ಟ್ ಫಾನ್ ಕಾರಯಾನರ ನಿರ್ದೇಶನದಲ್ಲಿ ಮುದ್ರಿತವಾದದ್ದು ಈ ಅಭಿರುಚಿಯ ಫಲ.

1949ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಮಹಾ ಸ್ವರಕಾರ ರಿಚರ್ಡ್ ಸ್ಟ್ರಾಸ್ ತೀರಿಕೊಂಡನು. ಮರಣವನ್ನು ಶಾಂತವಾಗಿ ಎದುರುಗೊಳ್ಳುವ ಭಾವದ ಅವನ ಕೊನೆಯ ನಾಲ್ಕು ಹಾಡುಗಳನ್ನು ಅಲ್ಲಿಯ ತನಕ ಸಭೆಯಲ್ಲಿ ಯಾರೂ ಹಾಡಿರಲಿಲ್ಲ. ಸ್ವತಃ ಅವನೂ ಕೇಳಲಿಲ್ಲ. 1950ರ ಮೇ 22ರಂದು ಆಲ್ಬರ್ಟ್ ಹಾಲಿನಲ್ಲಿ ಕಿರ್‌ಸ್ಟೆನ್ ಫ್ಲಾಗ್‌ಸ್ಟಾಡ್ ಅವುಗಳನ್ನು ಮೊದಲ ಬಾರಿಗೆ ಹಾಡಿದರು. ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ವಾದ್ಯವೃಂದವನ್ನು ನಡೆಸಿದರು. ಆ ಸಭೆಗೆ 4,800 ಡಾಲರುಗಳ ಹೊಣೆ ಹೊತ್ತವರು ನಮ್ಮ ಮಹಾರಾಜರು. ಅವರು ಅಲ್ಲಿಗೆ ಹೋಗಲಾಗಲಿಲ್ಲ. ಹಾಡಿದ್ದನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದಷ್ಟೇ ಅವರ ಕೋರಿಕೆಯಾಗಿತ್ತು.

ಒಂದು ಪ್ರಶ್ನೆ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳುವಳಿಗಾರರು ಜವಾಬ್ದಾರಿ ಸರ್ಕಾರಕ್ಕಾಗಿ ಬೀದಿಗಿಳಿದಿದ್ದರು. ನಾಡಿನ ರೈತ ಬಡವನಾಗಿದ್ದನು. ಅಂತಹ ವೇಳೆಯಲ್ಲಿ ಅರಮನೆಯ ಸಂಪತ್ತು ಲಂಡನ್ನಿನ ವಾದ್ಯಗಾರರಿಗೆ ಹೋದದ್ದು ನ್ಯಾಯವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಸಿದವನ ಮುಂದೆ ಸಂಗೀತವನ್ನು ಹೊಗಳುವುದು ಸುಲಭವಲ್ಲ. ಆದರೆ 1933ರ ಅಕ್ಟೋಬರ್ 28ರಂದು ಸಂತ ಫಿಲೋಮಿನಾ ದೇವಾಲಯಕ್ಕೆ ಅಸ್ತಿವಾರದ ಕಲ್ಲನ್ನಿಟ್ಟವರು ಇದೇ ರಾಜಮನೆತನದ ನಾಲ್ವಡಿಯವರು ಎಂಬುದನ್ನು ನೆನೆದಾಗ ಮಾತನ್ನು ತೂಗಿ ಆಡಬೇಕಾಗುತ್ತದೆ. ತನ್ನದಲ್ಲದ ಮತದ ದೇವಾಲಯಕ್ಕೆ ಕಲ್ಲಿಟ್ಟ ಔದಾರ್ಯ, ತನ್ನದಲ್ಲದ ನಾಡಿನ ಸಂಗೀತಕ್ಕೆ ಕಿವಿಗೊಟ್ಟ ಔದಾರ್ಯ, ಎರಡೂ ಒಂದೇ ಮನೆಯಲ್ಲಿ ಬೆಳೆದವು. ಒಂದನ್ನು ಕೃತಜ್ಞತೆಯಿಂದ ಸ್ವೀಕರಿಸಿದ ನಾವು ಇನ್ನೊಂದನ್ನು ದುಂದುವೆಚ್ಚವೆಂದು ಥಟ್ಟನೆ ನುಡಿಯಲಾರೆವು.

ಸಂಸ್ಥಾನ ಅಳಿದ ಮೇಲೆ ಆ ನೆರವೂ ಬತ್ತಿತು. ಮೆಟ್ನರ್ ಸೊಸೈಟಿಯ ಮೂರು ಸಂಪುಟಗಳು ಹೊರಬಂದ ತರುವಾಯ ಕಾರ್ಯ ನಿಂತಿತು. ಒಡೆಯರು 1974ರ ಸೆಪ್ಟೆಂಬರ್ 23ರಂದು ಕಾಲವಾದರು. ಆದರೆ ಮುದ್ರಿತವಾದದ್ದು ಅಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೊಸ ಪೀಳಿಗೆಯ ಪಿಯಾನೋ ವಾದಕರು ಮೆಟ್ನರನನ್ನು ಪುನಃ ಕೈಗೆತ್ತಿಕೊಂಡಾಗ, ಸ್ವರಕಾರನೇ ತನ್ನ ಕೃತಿಯನ್ನು ಹೇಗೆ ನುಡಿಸಿದ್ದನೆಂಬುದಕ್ಕೆ ಆ ತಟ್ಟೆಗಳು ಪ್ರಮಾಣವಾಗಿ ಒದಗಿದವು. ಫಿಲ್ಹಾರ್ಮೋನಿಯ ವಾದ್ಯವೃಂದ ಇಂದಿಗೂ ಲಂಡನ್ನಿನಲ್ಲಿದೆ. ಇತ್ತ ನಮ್ಮ ನಗರದಲ್ಲಿ ದಸರೆಯ ಸಂಜೆ ಪೊಲೀಸ್ ಬ್ಯಾಂಡುಗಳು ಅರಮನೆಯ ಮುಂದೆ ಕರ್ನಾಟಕ ಮತ್ತು ಪಾಶ್ಚಾತ್ಯ ಸಂಗೀತವೆರಡನ್ನೂ ನುಡಿಸುವಾಗ ಹಿಂದಿನ ಪರಂಪರೆಯ ಎಳೆ ಕಿವಿಗೆ ಬೀಳುತ್ತದೆ.

ಗುರುಮಠದಲ್ಲಿದ್ದಾಗ ನಾನೂ ಒಂದು ಗೀತೆಗೆ ರಾಗ ಕಟ್ಟಿ, ಹಾರ್ಮೋನಿಯಂ ಮೇಲೆ ನುಡಿಸಿ ತೋರಿಸಿದ್ದೆ. ಸಂಗೀತ ಕಲಿಸುತ್ತಿದ್ದ ಗುರುಗಳು ಕೊನೆಯ ತನಕ ಕೇಳಿ, ಎರಡನೆಯ ಸಾಲು ಮೊದಲನೆಯದರ ನಕಲು ಎಂದರು. ಆ ದಿನ ನೋವಾಯಿತು. ಆದರೆ ಅವರು ಕೊನೆಯ ತನಕ ಕೇಳಿದರು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ನಮ್ಮ ಗಾಯನವೃಂದದ ಯುವಕ ಯುವತಿಯರು ಇಂದು ತಾವೇ ಗೀತೆಗಳನ್ನು ರಚಿಸಿ ಸ್ವರಸಂಯೋಜನೆ ಮಾಡುತ್ತಿದ್ದಾರೆ. ಅವರಿಗೆ ಚಪ್ಪಾಳೆ ಸಾಕಷ್ಟು ದೊರೆಯುತ್ತಿದೆ. ಬೇಕಾದದ್ದು ಮೆಟ್ನರನಂತೆ ನೇರವಾಗಿ ಬರೆದು ತಿಳಿಸುವ ಸ್ನೇಹಿತ, ಒಡೆಯರಂತೆ ದೂರದಲ್ಲಿದ್ದೂ ಗಮನವಿಟ್ಟು ಕೇಳುವ ಕಿವಿ. ಧರ್ಮಕೇಂದ್ರದ ಎರಡನೆಯ ಶತಮಾನದಲ್ಲಿ ನಾವು ಒಬ್ಬರಿಗೊಬ್ಬರು ಅಂತಹ ಕೇಳುಗರಾಗೋಣ ಎಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇನೆ.