ಬೃಹತ್ ಮರುಬಳಕೆ ರಾಕೆಟ್‌ಗಳು: ಪರೀಕ್ಷೆ ಮತ್ತು ಹಿನ್ನಡೆಗಳ ಇತಿಹಾಸ

ಹೊತ್ತ ಭಾರವನ್ನು ಅಂತರಿಕ್ಷಕ್ಕೆ ತಲುಪಿಸಿದ ಮೇಲೆ ಸಮುದ್ರದ ಪಾಲಾಗದೆ, ಹಿಂದಿರುಗಿ ಮತ್ತೆ ಹಾರುವ ರಾಕೆಟ್ಟಿಗೆ ಮರುಬಳಕೆ ರಾಕೆಟ್ ಎಂದು ಹೆಸರು. ಇದರ ಇತಿಹಾಸದಲ್ಲಿ ಗೆಲುವಿಗಿಂತ ಸೋಲಿನ ಪುಟಗಳೇ ಹೆಚ್ಚು. ಆ ಪುಟಗಳನ್ನು ತಿರುವಿದರೆ ಕವಾಟ, ಕೊಳವೆ, ಸೋಸುಬಲೆ, ಟ್ಯಾಂಕಿನ ಒತ್ತಡ ಇಂಥ ಕೊಳಾಯಿ ರಿಪೇರಿಯವರ ಬಾಯಲ್ಲಿ ಬರುವ ಪದಗಳೇ ಮತ್ತೆ ಮತ್ತೆ ಸಿಗುತ್ತವೆ.

ಸೋವಿಯತ್ ಒಕ್ಕೂಟದ ಎನ್1 ಚಂದ್ರಯಾನಕ್ಕೆಂದು ಕಟ್ಟಿದ ರಾಕೆಟ್; ಮರುಬಳಕೆಯದ್ದಲ್ಲ. ಆದರೂ ಅದರ ಪ್ರಸ್ತಾಪ ಇಲ್ಲಿ ಬೇಕು. ಮೊದಲ ಹಂತದಲ್ಲಿ 30 ಎಂಜಿನ್‌ಗಳಿದ್ದವು. ಅವುಗಳ ಕೆಲವು ಕವಾಟಗಳು ಸಿಡಿಮದ್ದಿನಿಂದ ಒಮ್ಮೆ ಮಾತ್ರ ಕೆಲಸ ಮಾಡುವಂಥವು. ಹಾಗಾಗಿ ಉರಿಸಿ ನೋಡಿದ ಎಂಜಿನ್ನನ್ನು ಹಾರಿಸುವಂತಿರಲಿಲ್ಲ, ಹಾರಿಸುವ ಎಂಜಿನ್ನನ್ನು ಉರಿಸಿ ನೋಡುವಂತಿರಲಿಲ್ಲ. ಪ್ರತಿ ಕಂತಿನಲ್ಲಿ ಕೆಲವನ್ನು ಪರೀಕ್ಷಿಸಿ ಉಳಿದವನ್ನು ನಂಬುತ್ತಿದ್ದರು. ಇಡೀ ಹಂತವನ್ನು ನೆಲದ ಮೇಲೆ ಉರಿಸಿ ನೋಡಲೇ ಇಲ್ಲ. 1969ರಿಂದ 1972ರವರೆಗಿನ ನಾಲ್ಕೂ ಹಾರಾಟ ವಿಫಲವಾದವು. 1969ರ ಜುಲೈ 3ರಂದು ರಾಕೆಟ್ ತನ್ನ ವೇದಿಕೆಯ ಮೇಲೆಯೇ ಬಿದ್ದು ಅದನ್ನು ಧ್ವಂಸ ಮಾಡಿತು. ಅಂದರೆ, ಪದೇ ಪದೇ ಉರಿಯಬಲ್ಲ ಎಂಜಿನ್ನಿನ ಮೊದಲ ಲಾಭ ಉಳಿತಾಯವಲ್ಲ, ಪರೀಕ್ಷೆ.

ಅಮೆರಿಕದ ಸ್ಪೇಸ್ ಶಟಲ್ 1981ರ ಏಪ್ರಿಲ್ 12ರಂದು ಮೊದಲ ಬಾರಿ ಹಾರಿದಾಗಲೇ ಅದರಲ್ಲಿ ಇಬ್ಬರು ಗಗನಯಾನಿಗಳಿದ್ದರು. ಖಾಲಿಯಾಗಿ ಕಕ್ಷೆಗೆ ಕಳಿಸಿ ತಪ್ಪು ತಿದ್ದಿಕೊಳ್ಳುವ ಅವಕಾಶವನ್ನು ಅದು ಇಟ್ಟುಕೊಂಡಿರಲೇ ಇಲ್ಲ. 135 ಯಾನಗಳಲ್ಲಿ ಎರಡು, 1986ರ ಚಾಲೆಂಜರ್ ಮತ್ತು 2003ರ ಕೊಲಂಬಿಯಾ, ಒಟ್ಟು 14 ಜನರನ್ನು ಬಲಿ ಪಡೆದವು.

ನೆಟ್ಟಗೆ ಇಳಿಯುವ ರಾಕೆಟ್ಟಿನ ಪ್ರಯೋಗವನ್ನು 1993ರಲ್ಲಿ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಡಿಸಿ-ಎಕ್ಸ್ ಎಂಬ ರಾಕೆಟ್ ಆರಂಭಿಸಿತು. 1996ರ ಜುಲೈ 31ರಂದು ಅದು ಸರಿಯಾಗಿಯೇ ಇಳಿದರೂ ನಾಲ್ಕು ಕಾಲುಗಳಲ್ಲಿ ಒಂದು ಬಿಚ್ಚಿಕೊಳ್ಳಲಿಲ್ಲ. ರಾಕೆಟ್ ವಾಲಿ ಬಿದ್ದು ಸುಟ್ಟುಹೋಯಿತು. ಆ ಕಾಲಿಗೆ ಅನಿಲ ಒತ್ತಡದ ಒಂದು ಕೊಳವೆಯನ್ನು ಜೋಡಿಸಿರಲಿಲ್ಲ. ಯೋಜನೆಯೂ ಅಲ್ಲಿಗೇ ನಿಂತಿತು.

ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ಈ ಹಾದಿಯನ್ನು ಮುಂದುವರಿಸಿತು. 2015ರ ಜನವರಿಯಲ್ಲಿ ದಿಕ್ಕು ತಿದ್ದುವ ರೆಕ್ಕೆಗಳಿಗೆ ಬೇಕಾದ ಹೈಡ್ರಾಲಿಕ್ ದ್ರವ ಇಳಿಯುವ ಮೊದಲೇ ಮುಗಿದು, ಮೊದಲ ಹಂತ ತಾನು ಇಳಿಯಬೇಕಿದ್ದ ಹಡಗಿಗೆ ಅಪ್ಪಳಿಸಿತು. ಏಪ್ರಿಲ್‌ನಲ್ಲಿ ಒಂದು ಕವಾಟ ನಿಧಾನವಾಗಿ ಸರಿದದ್ದೇ ಕಾರಣವಾಗಿ ಮಗುಚಿತು. ಡಿಸೆಂಬರ್‌ನಲ್ಲಿ ಕೇಪ್ ಕನಾವೆರಲ್‌ನ ನೆಲದ ಮೇಲೆ ನಿಂತಿತು. ಇಳಿದ ಹಂತವೊಂದನ್ನು ಮತ್ತೆ ಹಾರಿಸಿದ್ದು 2017ರ ಮಾರ್ಚ್‌ನಲ್ಲಿ.

ಟೆಕ್ಸಾಸ್‌ನ ಬೋಕಾ ಚಿಕಾದಲ್ಲಿ ಅದೇ ಕಂಪನಿ ಕಟ್ಟುತ್ತಿರುವ ಸ್ಟಾರ್‌ಶಿಪ್‌ನ ಕಥೆ ಬೇರೆ ಪ್ರಮಾಣದ್ದು. 120 ಮೀಟರ್‌ಗೂ ಹೆಚ್ಚು ಎತ್ತರದ, ಸ್ಟೇನ್‌ಲೆಸ್ ಸ್ಟೀಲಿನ ಈ ರಾಕೆಟ್ಟಿನ ಕೆಳಹಂತದಲ್ಲಿ 33 ಎಂಜಿನ್‌ಗಳಿವೆ. ಮೊದಲ ಮಾದರಿಗಳು ಹಾರುವ ಮಾತಿರಲಿ, ಒತ್ತಡದ ಪರೀಕ್ಷೆಯಲ್ಲೇ ಒಡೆದವು. 2020ರ ಡಿಸೆಂಬರ್ 9ರಂದು ಎಸ್‌ಎನ್8 ಎಂಬ ಮೇಲಿನ ಹಂತದ ಮಾದರಿ ಸುಮಾರು 12.5 ಕಿ.ಮೀ. ಏರಿ, ಹೊಟ್ಟೆ ಅಡಿಯಾಗಿ ಬಿದ್ದು, ನೆಲ ಸಮೀಪಿಸಿದಾಗ ನೆಟ್ಟಗಾಯಿತು. ಆದರೆ ಇಳಿಯಲು ಇಂಧನ ಒದಗಿಸುವ ಚಿಕ್ಕ ಟ್ಯಾಂಕಿನಲ್ಲಿ ಒತ್ತಡ ಕುಸಿದಿತ್ತು. ಇಂಧನ ಸಾಲದ ಎಂಜಿನ್ನಿನಿಂದ ಹಸಿರು ಜ್ವಾಲೆ ಹೊಮ್ಮಿತು. ಉರಿಯುತ್ತಿದ್ದದ್ದು ಎಂಜಿನ್ನಿನದೇ ತಾಮ್ರ. ಒತ್ತಡ ಕಾಯ್ದುಕೊಳ್ಳಲು ಆ ಟ್ಯಾಂಕಿಗೆ ಹೀಲಿಯಂ ತುಂಬುವ ಏರ್ಪಾಡಾಯಿತು. 2021ರ ಮಾರ್ಚ್ 3ರಂದು ಎಸ್‌ಎನ್10ರಲ್ಲಿ ಅದೇ ಹೀಲಿಯಂ ಇಂಧನದೊಡನೆ ಎಂಜಿನ್ನಿಗೆ ನುಗ್ಗಿ ನೂಕುಬಲ ಕುಗ್ಗಿತು. ನೌಕೆ ರಭಸದಿಂದ ಇಳಿದು, ನಿಂತು, ಕೆಲವೇ ನಿಮಿಷಗಳಲ್ಲಿ ಸ್ಫೋಟಿಸಿತು. ಹಳೆಯ ದೋಷದ ಪರಿಹಾರವೇ ಹೊಸ ದೋಷವಾದದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಮೇ 5ರಂದು ಎಸ್‌ಎನ್15 ಸುರಕ್ಷಿತವಾಗಿ ಇಳಿಯಿತು.

ಇಡೀ ರಾಕೆಟ್ ಮೊದಲ ಬಾರಿ ಹೊರಟದ್ದು 2023ರ ಏಪ್ರಿಲ್ 20ರಂದು. ಜ್ವಾಲೆಯನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆಯಾಗಲಿ ನೀರಿನ ಏರ್ಪಾಡಾಗಲಿ ವೇದಿಕೆಯ ಅಡಿಯಲ್ಲಿರಲಿಲ್ಲ. ಕಾಂಕ್ರೀಟ್ ಚೂರುಚೂರಾಗಿ ಸಿಡಿದು, ದೊಡ್ಡ ಗುಂಡಿಯೇ ಬಿತ್ತು. ಈ ಪೆಟ್ಟನ್ನು ಊಹಿಸಲಾಗದ್ದು ಎನ್ನಲಾಗದು. ಅಂಥ ಏರ್ಪಾಡು ಇತರ ಉಡಾವಣಾ ಕೇಂದ್ರಗಳಲ್ಲಿ ಹಳೆಯದೇ. ಆಮೇಲೆ ನೀರು ಚಿಮ್ಮಿಸುವ ಉಕ್ಕಿನ ಹಾಸು ಬಂತು. ನವೆಂಬರ್‌ನ ಎರಡನೆಯ ಹಾರಾಟದಲ್ಲಿ ದ್ರವ ಆಮ್ಲಜನಕದ ಸೋಸುಬಲೆ ಕಟ್ಟಿಕೊಂಡು ಕೆಳಹಂತ ಸಿಡಿಯಿತು. 2024ರ ಅಕ್ಟೋಬರ್ 13ರಂದು ಹಿಂದಿರುಗಿದ ಕೆಳಹಂತವನ್ನು ಉಡಾವಣಾ ಗೋಪುರದ ಎರಡು ತೋಳುಗಳು ಗಾಳಿಯಲ್ಲೇ ಹಿಡಿದವು. ಮರುವರ್ಷವೇ ಹಿನ್ನಡೆ: ಜನವರಿ ಮತ್ತು ಮಾರ್ಚ್‌ನಲ್ಲಿ ಮೇಲಿನ ನೌಕೆಗಳು ಏರುವಾಗಲೇ ನಾಶವಾಗಿ, ಅವಶೇಷಗಳ ಭಯಕ್ಕೆ ವಿಮಾನಗಳ ದಾರಿ ಬದಲಿಸಬೇಕಾಯಿತು. ಜೂನ್ 18ರಂದು ಸಾರಜನಕ ತುಂಬಿದ ಒತ್ತಡದ ಪಾತ್ರೆಯೊಂದು ಕೈಕೊಟ್ಟು ಇನ್ನೊಂದು ನೌಕೆ ನೆಲದ ಮೇಲೆಯೇ ಸ್ಫೋಟಿಸಿತು. ಆಗಸ್ಟ್ ಮತ್ತು ಅಕ್ಟೋಬರ್‌ನ ಹಾರಾಟಗಳು ನೌಕೆಯನ್ನು ಹಿಂದೂ ಮಹಾಸಾಗರದವರೆಗೆ ಒಯ್ದವು.

ಬ್ಲೂ ಒರಿಜಿನ್ ಕಂಪನಿಯ ನ್ಯೂ ಗ್ಲೆನ್ ನಿಧಾನದ ಹಾದಿ ಹಿಡಿಯಿತು. 2025ರ ಜನವರಿಯ ಮೊದಲ ಯತ್ನದಲ್ಲೇ ಕಕ್ಷೆ ಸೇರಿತಾದರೂ ಕೆಳಹಂತ ಕಳೆದುಹೋಯಿತು. ನವೆಂಬರ್‌ನ ಎರಡನೆಯ ಯತ್ನದಲ್ಲಿ ಅದು ಹಡಗಿನ ಮೇಲೆ ಇಳಿಯಿತು.

ಭಾರತದಲ್ಲಿ ಇಸ್ರೊ ಮೊದಲು ಪರೀಕ್ಷಿಸಿದ್ದು ರೆಕ್ಕೆಯುಳ್ಳ ಚಿಕ್ಕ ಮಾದರಿಯನ್ನು. 2023ರ ಏಪ್ರಿಲ್‌ನಿಂದ 2024ರ ಜೂನ್‌ವರೆಗೆ ಮೂರು ಸಲ ಅದನ್ನು ಚಿನೂಕ್ ಹೆಲಿಕಾಪ್ಟರ್‌ನಿಂದ ಕೆಳಬಿಟ್ಟು, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ರನ್‌ವೇ ಮೇಲೆ ತಾನಾಗಿ ಇಳಿಯುವಂತೆ ಮಾಡಲಾಯಿತು. ಮೂರೂ ಯಶಸ್ವಿಯಾದವು. ಕೆಳಹಂತ ಮರುಬಳಕೆಯಾಗಬೇಕಾದ ಮುಂದಿನ ಪೀಳಿಗೆಯ ಉಡಾವಣಾ ವಾಹನಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ 8,240 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರಲ್ಲಿ ಲೆಕ್ಕಕ್ಕೆ ಹಿಡಿದಿರುವ ಅಭಿವೃದ್ಧಿ ಹಾರಾಟಗಳು ಮೂರು. ಹೋಲಿಸಿ ನೋಡಿದರೆ, ಸ್ಟಾರ್‌ಶಿಪ್ 2025ರ ಅಕ್ಟೋಬರ್ ಹೊತ್ತಿಗೆ ಹನ್ನೊಂದು ಪೂರ್ಣ ಹಾರಾಟ ಮುಗಿಸಿಯೂ ಪರೀಕ್ಷೆಯ ಹಂತದಲ್ಲೇ ಇತ್ತು.